ಜಗಳದ ಮನೆಯ ಹಗ್ಗ

ಕಗ್ಗಲದೊಡ್ಡಿಯ ರಾಮಕ್ಕನಿಗೆ ಮೂರು ಭಾಷೆ ಬರುತ್ತವೆ. ಮೂರರಲ್ಲೂ ಸೋತು ಗೊತ್ತಿಲ್ಲ. ಮನೆಯಲ್ಲಿ, ಹೊಲದಲ್ಲಿ, ಹಸುವಿನ ಮುಂದೆ ಕನ್ನಡ. ಬಳೆ ಮಾರುವವಳ ಹತ್ತಿರ, ಸೊಸೆ ಭಾನುವಿನ ತವರಿನವರ ಹತ್ತಿರ ತೆಲುಗು. ಡೆಂಕಣಿಕೋಟೆ ಸಂತೆಗೆ, ಬಸ್ಸಿನ ಕಂಡಕ್ಟರಿಗೆ, ಸರ್ಕಾರಿ ಕಚೇರಿಗೆ ತಮಿಳು. ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಆದರೆ ಕೊತ್ತಂಬರಿ ಸೊಪ್ಪಿನ ಬೆಲೆ ಕೇಳಿ ಮುಖ ತಿರುಗಿಸಿದ ದಲ್ಲಾಳಿಯನ್ನು ಅವನದೇ ಭಾಷೆಯಲ್ಲಿ ಹಿಂದಕ್ಕೆ ಕರೆದು, ತನ್ನ ಬೆಲೆಗೇ ಒಪ್ಪಿಸಿ, ಮೇಲೆ ಒಂದು ಟೀಯನ್ನೂ ಕುಡಿದು ಬರುವ ಹೆಂಗಸು. ಅರವತ್ತು ದಾಟಿ ಬಹಳ ದಿನವಾಯಿತು. ಮೈಯಲ್ಲಿ ಮಾಂಸವಿಲ್ಲ, ಮಾತಿನಲ್ಲಿ ಅನುಮಾನವಿಲ್ಲ.

ಅವಳ ಊರನ್ನು ಹೇಳದೆ ಅವಳನ್ನು ಹೇಳಲಾಗದು. ತಮಿಳುನಾಡಿಗೆ ಸೇರಿದ ಡೆಂಕಣಿಕೋಟೆಯಿಂದ ಕಾಡಿನ ಕಡೆ ಹೋಗುವ ದಾರಿಯಲ್ಲಿ ಎಡಕ್ಕೆ ತಿರುಗಿದರೆ ಮೊದಲು ಕೆರೆ ಸಿಗುತ್ತದೆ, ಆಮೇಲೆ ಪ್ಲಾಸ್ಟಿಕ್ ಹೊದಿಸಿದ ಗುಲಾಬಿ ಶೆಡ್ಡುಗಳು, ಆಮೇಲೆ ರಾಗಿ ಹೊಲ, ಹುರುಳಿ ಹೊಲ, ಒಂದಷ್ಟು ಎಲೆಕೋಸು. ಊರ ಬೆನ್ನಿಗೆ ಬೋಳು ಬಂಡೆಯ ಗುಡ್ಡ. ಗುಡ್ಡದಾಚೆ ಕಾಡು, ಕಾಡಿನಲ್ಲಿ ಆನೆ. ರಾಗಿ ತೆನೆ ಹಾಲುಗಟ್ಟಿದ ಸುದ್ದಿ ಹೊಲದ ಯಜಮಾನನಿಗಿಂತ ಮೊದಲು ಅವಕ್ಕೆ ಮುಟ್ಟುತ್ತದೆ. ಬೆಳಗ್ಗೆ ಹೊಸೂರಿನ ಫ್ಯಾಕ್ಟರಿ ಬಸ್ಸು ಅರಳಿಕಟ್ಟೆಯ ಹತ್ತಿರ ಬಂದು ಹಾರನ್ ಹೊಡೆಯುವ ಹೊತ್ತಿಗೆ, ರಾತ್ರಿ ಹೊಲ ಕಾದವರು ಅಟ್ಟಣೆ ಇಳಿದು ಮನೆಗೆ ಬರುತ್ತಿರುತ್ತಾರೆ. ಇಳಿದು ಬಂದವನೇ ಮುಖ ತೊಳೆದು ಬಸ್ಸು ಹತ್ತುವುದೂ ಉಂಟು.

ಇದು ಕಣ್ಣಿಗೆ ಕಾಣುವ ಊರು. ಅರಳಿಕಟ್ಟೆಯ ಮುಂದಿನ ಬಯಲಿನ ಅಡಿಯಲ್ಲಿ ಕಾಣದ ಊರೊಂದಿದೆ, ಅಲ್ಲಿರುವುದು ಹಗೇವುಗಳು. ಹಗೇವು ಎಂದರೆ ಧಾನ್ಯ ತುಂಬಿಡುವ ನೆಲಗುಳಿ. ಬಾಯಿ ಒಬ್ಬ ಮನುಷ್ಯ ಮೈ ಸವರಿಕೊಂಡು ಇಳಿಯುವಷ್ಟು ಕಿರಿದು, ಹೊಟ್ಟೆ ಮಾತ್ರ ಒಂದು ಕೋಣೆಯಷ್ಟು ಅಗಲ. ಸುತ್ತ ಹುಲ್ಲು ಒತ್ತಿ, ರಾಗಿ ಸುರಿದು, ಚಪ್ಪಡಿ ಮುಚ್ಚಿ ಮಣ್ಣು ಮೆತ್ತಿಬಿಟ್ಟರೆ ವರ್ಷಗಟ್ಟಲೆ ಹುಳ ಮುಟ್ಟುವುದಿಲ್ಲ. ಮೇಲೆ ದನ ಓಡಾಡಲಿ, ಮಕ್ಕಳು ಗೋಲಿ ಆಡಲಿ, ಕೆಳಗಿನ ರಾಗಿ ತನ್ನ ಪಾಡಿಗೆ ತಾನು ಇರುತ್ತದೆ.

ಆದರೆ ಹಗೇವು ತೆಗೆಯುವುದು ಹುಡುಗಾಟವಲ್ಲ. ಮುಚ್ಚಿದ ಗುಳಿಯಲ್ಲಿ ಕೆಟ್ಟ ಗಾಳಿ ಕೂತಿರುತ್ತದೆ. ಅವಸರಪಟ್ಟು ಇಳಿದವನು ಕೂಗಲಿಕ್ಕೂ ಆಗದೆ ಒಳಗೇ ಉಳಿದುಬಿಡುತ್ತಾನೆ. ಅದಕ್ಕೆ ಕಗ್ಗಲದೊಡ್ಡಿಯ ಹಿರಿಯರು ಒಂದು ಕಟ್ಟಳೆ ಮಾಡಿದ್ದರು. ಇಳಿಯುವವರ ಸೊಂಟಕ್ಕೆ ಹಗ್ಗ ಕಟ್ಟಬೇಕು. ಮೇಲೆ ಹಗ್ಗ ಹಿಡಿಯುವವನು ಅವರೊಂದಿಗೆ ಮಾತು ಬಿಟ್ಟ ಮನೆಯವನೇ ಆಗಿರಬೇಕು. ಬೇಕಾದವರ ಕೈ ಒಂದು ಗಳಿಗೆ ಮೈಮರೆತೀತು. ಜಗಳದವನ ಕೈ ಮರೆಯುವುದಿಲ್ಲ, ಹಗ್ಗ ಜಾರಿದರೆ ಇಡೀ ಊರು ಯಾರ ಮುಖ ನೋಡುತ್ತದೆಂದು ಅವನಿಗೆ ಗೊತ್ತು. ಇಷ್ಟೇ ಅಲ್ಲ. ರಾಗಿ ಮೇಲೆ ಬಂದು ಮುಗಿಯುವವರೆಗೂ ಹಗ್ಗ ಹಿಡಿದವನು ಮಾತಾಡುತ್ತಿರಬೇಕು, ಒಳಗಿನವರು ಉತ್ತರ ಕೊಡುತ್ತಿರಬೇಕು. ಉತ್ತರ ನಿಂತರೆ ಎಳೆಯಬೇಕು. ಮಾತು ಬಿಟ್ಟವರನ್ನು ಹಿಡಿದು ಅರ್ಧ ದಿನ ಮಾತಾಡಿಸುವ ಈ ಉಪಾಯ ಯಾವ ಪುಣ್ಯಾತ್ಮನಿಗೆ ಹೊಳೆಯಿತೋ. ಯಾರೊಂದಿಗೂ ಜಗಳವಿಲ್ಲದವರು ಏನು ಮಾಡುತ್ತಿದ್ದರು ಎಂದು ಕೇಳಬೇಡಿ, ಅಂಥವರು ಈ ಊರಲ್ಲಿ ಇರಲಿಲ್ಲ. ರೇಷನ್ ಅಕ್ಕಿ ಬಂದು ಹಗೇವು ತುಂಬುವವರು ಕಡಿಮೆಯಾದ ಮೇಲೆ ಊರಿನ ಜಗಳಗಳಿಗೆ ಆಯಸ್ಸು ಹೆಚ್ಚಾದದ್ದಂತೂ ನಿಜ.

ರಾಮಕ್ಕ ತೊರಪಲ್ಲಿ ಅಗ್ರಹಾರದ ಪಕ್ಕದ ಹಳ್ಳಿಯಿಂದ ಚೌಡಪ್ಪನ ಹೆಂಡತಿಯಾಗಿ ಇಲ್ಲಿಗೆ ಬಂದಾಗ ಅತ್ತೆ ಅವಳನ್ನು ಮೇಲಿಂದ ಕೆಳಗೆ ನೋಡಿ, ಹಗೇವಿಗೆ ಹೇಳಿ ಮಾಡಿಸಿದ ಹುಡುಗಿ ಎಂದಿದ್ದಳಂತೆ. ಅಷ್ಟು ಸಣಕಲು. ಅಂದಿನಿಂದ ಆ ಮನೆಯ ಹಗೇವಿಗೆ ಇಳಿಯುವ ಕೆಲಸ ಅವಳದೇ ಆಯಿತು. ಗಂಡ ಚೌಡಪ್ಪ ಆಳೆತ್ತರದ ಮನುಷ್ಯ, ಬೀದಿ ನಾಟಕದಲ್ಲಿ ಗದೆ ಹಿಡಿಯುವ ಪಾತ್ರ ಅವನಿಗೇ ಮೀಸಲು. ಕಿರೀಟ ಇಟ್ಟುಕೊಂಡು ಅವನು ಹೆಜ್ಜೆ ಹಾಕಿದರೆ ಅಟ್ಟ ನಡುಗುತ್ತಿತ್ತು. ಮನೆಗೆ ಬಂದರೆ ಹೆಂಡತಿಯ ಮುಂದೆ ಅವನೇ ನಡುಗುತ್ತಿದ್ದ. ಅವನ ತಮ್ಮ ರಾಮಕೃಷ್ಣಪ್ಪ ಆಗ ಚಡ್ಡಿ ಜಾರುತ್ತಿದ್ದ ಹುಡುಗ. ಅತ್ತಿಗೆಯ ಸೆರಗು ಹಿಡಿದೇ ಬೆಳೆದ. ಊರಿಗೆಲ್ಲ ರಾಮಕೃಷ್ಣಪ್ಪನಾದ ಮೇಲೂ ರಾಮಕ್ಕನಿಗೆ ಅವನು ಕಿಟ್ಟನೇ. ಅವನ ಮದುವೆಯಲ್ಲಿ ಹುಡುಗಿ ನೋಡಿದವಳು, ಒಡವೆ ಆರಿಸಿದವಳು, ಕಮಲಮ್ಮನನ್ನು ಮನೆ ತುಂಬಿಸಿಕೊಂಡವಳು ಎಲ್ಲ ಇವಳೇ. ಮನೆ ಎರಡಾದ ಮೇಲೂ ಹೊಲ ಒಟ್ಟಿಗೇ ಮಾಡುತ್ತಿದ್ದರು, ಹಗೇವನ್ನೂ ಒಟ್ಟಿಗೇ ತುಂಬುತ್ತಿದ್ದರು.

ಆ ಕಿಟ್ಟನೊಂದಿಗೆ ರಾಮಕ್ಕ ಮಾತು ಬಿಟ್ಟು ಹತ್ತು ವರ್ಷದ ಮೇಲಾಗಿತ್ತು.

ಆದದ್ದು ಹೀಗೆ. ಒಂದು ವರ್ಷ ರಾಗಿ ಚೆನ್ನಾಗಿ ಬಂದು ಅಣ್ಣತಮ್ಮಂದಿರು ಹಗೇವು ತುಂಬಿ ಮುಚ್ಚಿದರು. ಮರುವರ್ಷ ಅದಕ್ಕಿಂತ ಒಳ್ಳೆಯ ಬೆಳೆ. ಚೌಡಪ್ಪನಿಗೆ ಎದೆಯ ಕಾಯಿಲೆ ಶುರುವಾಗಿತ್ತು, ಕಾವಲು ರಾಮಕೃಷ್ಣಪ್ಪನದಾಗಿತ್ತು. ರಾಮಕ್ಕ ಗಂಡನಿಗೆ ಥಂಡಿಯಲ್ಲಿ ಹೊರಗೆ ಕಾಲಿಡಬೇಡ ಎಂದು ಕಟ್ಟಪ್ಪಣೆ ಮಾಡಿ ಒಂದು ನಾಮಕರಣಕ್ಕೆಂದು ತವರಿಗೆ ಹೋದಳು. ಆ ರಾತ್ರಿ ಪಕ್ಕದ ಊರಲ್ಲಿ ಬೀದಿ ನಾಟಕ. ರಾಮಕೃಷ್ಣಪ್ಪ ಅಟ್ಟಣೆ ಬಿಟ್ಟು ನಾಟಕಕ್ಕೆ ಹೋದ. ಆನೆಗಳು ಬಂದು, ತಿಂದದ್ದಕ್ಕಿಂತ ಹೆಚ್ಚು ತುಳಿದು ಹೋದವು. ರಾಮಕ್ಕ ಬಸ್ಸು ಇಳಿದು ಹೊಲ ನೋಡಿದಳು. ಹೊಲದ ಬದುವಿನ ಮೇಲೆ ಅರಣ್ಯ ಇಲಾಖೆಯ ಅಧಿಕಾರಿ ನಿಂತು, ಕಾವಲು ಯಾರದಿತ್ತು ಎಂದು ಊರವರನ್ನು ಕೇಳುತ್ತಿದ್ದರು. ರಾಮಕ್ಕ ಮೈದುನನತ್ತ ಕೈ ತೋರಿಸಿ ತಮಿಳಿನಲ್ಲಿ ಹೇಳಿದಳು.

"ಇವನ್ ದಾನ್. ಕಾವಲ್ ವಿಟ್ಟುಟ್ಟು ಓಡಿಟ್ಟಾನ್."

ಇವನೇ, ಕಾವಲು ಬಿಟ್ಟು ಓಡಿಹೋದ ಎಂದು. ಊರಿಗೆ ಊರೇ ನಿಂತು ಕೇಳಿತು. ರಾಮಕೃಷ್ಣಪ್ಪ ತಲೆ ತಗ್ಗಿಸಿಕೊಂಡು ಮನೆಗೆ ಹೋದವನು ಮತ್ತೆ ಅತ್ತಿಗೆಯ ಹೊಸ್ತಿಲು ತುಳಿಯಲಿಲ್ಲ. ಅವನ ಸಿಟ್ಟಿನ ಕಾರಣವನ್ನು ಕಮಲಮ್ಮ ಆಮೇಲೆ ಅವರಿವರ ಹತ್ತಿರ ಹೇಳಿಕೊಂಡಳು. ಮನೆಯ ಮಾತಲ್ಲಿ ಬೈದಿದ್ದರೆ, ಕಪಾಳಕ್ಕೆ ಬಿಟ್ಟಿದ್ದರೂ, ಬೈಸಿಕೊಂಡು ಊಟಕ್ಕೆ ಕೂರುತ್ತಿದ್ದನಂತೆ. ಮನೆಯ ಮಗನನ್ನು ಕಚೇರಿಯ ಮಾತಲ್ಲಿ ಕಚೇರಿಯವರಿಗೆ ಒಪ್ಪಿಸಿಬಿಟ್ಟಳಲ್ಲ, ಅದನ್ನು ಅವನು ನುಂಗಲಾರ. ರಾಮಕ್ಕನಿಗೂ ಈ ಮಾತು ಮುಟ್ಟಿತು. ಅಧಿಕಾರಿಗೆ ಕನ್ನಡ ಬರದಿದ್ದರೆ ನಾನೇನು ಮಾಡಲಿ ಎಂದಳು. ಆ ಸಂಕ್ರಾಂತಿ ಕಳೆದು ಚೌಡಪ್ಪ ತೀರಿಕೊಂಡ. ರಾಮಕೃಷ್ಣಪ್ಪ ಅಣ್ಣನ ಹೆಣಕ್ಕೆ ಹೆಗಲು ಕೊಟ್ಟ, ಅತ್ತಿಗೆಗೆ ಮುಖ ಕೊಡಲಿಲ್ಲ. ಹಗೇವಿನಲ್ಲಿ ಹಿಂದಿನ ವರ್ಷದ ರಾಗಿ ಹಾಗೇ ಉಳಿಯಿತು. ತೆಗೆಯಬೇಕಾದರೆ ಹಗ್ಗ ಹಿಡಿಯುವವನು ಅವನೇ ಆಗಬೇಕಿತ್ತು, ಮತ್ತು ಕರೆಯಬೇಕಾದವಳು ಇವಳು.

ಹೋದ ಮಾಘದಲ್ಲಿ ಬಯಲಿಗೆ ಕಾಂಕ್ರೀಟ್ ರಸ್ತೆ ಮಂಜೂರಾಯಿತು. ಧರ್ಮಪುರಿ ಕಡೆಯ ಮೇಸ್ತ್ರಿ ಕುಮಾರೇಶ್ ಬಂದು ಸುಣ್ಣದ ಗೆರೆ ಎಳೆದ. ಸೋಮವಾರ ಕೆಲಸ ಶುರು. ಗೆರೆಯೊಳಗೆ ಯಾರದಾದರೂ ಹಗೇವಿದ್ದರೆ ಖಾಲಿ ಮಾಡಿಕೊಳ್ಳಿ, ಮಣ್ಣು ತುಂಬಿಸುತ್ತೇನೆ ಎಂದ. ರಾಮಕ್ಕನ ಹಗೇವು ಗೆರೆಯ ನಟ್ಟನಡುವೆ ಇತ್ತು.

ಮೂಕಂಡಪಲ್ಲಿಯ ಫ್ಯಾಕ್ಟರಿಯಲ್ಲಿ ಕೆಲಸ ಮಾಡುವ ಮಗ ಸುರೇಂದ್ರ ಬಿಟ್ಟುಬಿಡಮ್ಮ ಎಂದ. ಅಷ್ಟು ವರ್ಷದ ರಾಗಿ ಚೆನ್ನಾಗಿರುತ್ತದೋ ಇಲ್ಲವೋ, ಬೇಕಾದರೆ ಸಂತೆಯಿಂದ ಎರಡು ಮೂಟೆ ತಂದುಹಾಕುತ್ತೇನೆ ಎಂದ. ರಾಮಕ್ಕ ಒಲೆಯ ಮುಂದಿನಿಂದ ಏಳಲೂ ಇಲ್ಲ.

"ನಿಮ್ಮಪ್ಪ ಕೈಯಾರೆ ತೂರಿ ತುಂಬಿದ್ ಕಡೇ ರಾಗಿ ಕಣ್ಲಾ ಅದು. ಅದ್ರ ಮೇಲೆ ಸಿಮೆಂಟ್ ಹಾಕುಸ್ಕಂಡು ನಾನು ಚಪ್ಪಲಿ ಮೆಟ್ಕಂಡು ಓಡಾಡ್ಲಾ?"

ಹಾಗಾದರೆ ಇಳಿಯುವವರು ಯಾರು ಎಂದು ಸೊಸೆ ಭಾನು ಕೇಳಿದಳು. ಸುರೇಂದ್ರನ ಹೊಟ್ಟೆ ಕ್ಯಾಂಟೀನ್ ಊಟದಲ್ಲಿ ಚೆನ್ನಾಗಿ ಬೆಳೆದಿತ್ತು. ಅವನು ಹಗೇವಿನ ಬಾಯಿಯಲ್ಲಿ ಸಿಕ್ಕಿಕೊಂಡರೆ ರಸ್ತೆಯನ್ನೇ ಬೇರೆ ಕಡೆ ತಿರುಗಿಸಬೇಕಾಗುತ್ತಿತ್ತು. ರಾಮಕ್ಕ ತಾನೇ ಎಂದಳು. ಹಗ್ಗ ಯಾರು ಹಿಡಿಯುತ್ತಾರೆ ಎಂದು ಮಾತ್ರ ಯಾರೂ ಕೇಳಲಿಲ್ಲ. ಎಲ್ಲರಿಗೂ ಗೊತ್ತಿತ್ತು.

ಕರೆಯುವುದಕ್ಕೂ ಒಂದು ಕ್ರಮವಿದೆ. ಹಗ್ಗವನ್ನು ಆ ಮನೆಯ ಜಗಲಿಯ ಮೇಲೆ ಇಟ್ಟು ಬರಬೇಕು, ಮಾತಾಡುವಂತಿಲ್ಲ. ಅವರು ಎತ್ತಿಕೊಂಡರೆ ಒಪ್ಪಿದಂತೆ. ಶನಿವಾರ ಬೆಳಗ್ಗೆ ರಾಮಕ್ಕ ಅಟ್ಟದಿಂದ ಹಳೆಯ ಹಗ್ಗ ಇಳಿಸಿ, ಧೂಳು ಕೊಡವಿ, ಊರ ಹೆಂಗಸರೆಲ್ಲ ನೀರಿಗೆ ನಿಂತಿದ್ದ ಹೊತ್ತು ನೋಡಿಯೇ ನಡುಬೀದಿಯಲ್ಲಿ ನಡೆದು ಹೋಗಿ ಮೈದುನನ ಜಗಲಿಯ ಮೇಲೆ ಇಟ್ಟಳು. ಕದ್ದು ಇಡುವ ಜಾಯಮಾನ ಅವಳದಲ್ಲ. ಆದರೆ ತಿರುಗಿ ಬರುವಾಗ ಲೆಕ್ಕ ಹಾಕುತ್ತಲೇ ಇದ್ದಳು. ಅವನು ಎತ್ತಿಕೊಳ್ಳದಿದ್ದರೆ ರಾಗಿಯೂ ಹೋಯಿತು, ಊರ ಮುಂದೆ ಮುಖವೂ ಹೋಯಿತು.

ಮಧ್ಯಾಹ್ನವಾಯಿತು. ಹಗ್ಗ ಅಲ್ಲೇ ಇತ್ತು. ರಾಮಕೃಷ್ಣಪ್ಪ ಎರಡು ಸಲ ಹೊರಗೆ ಬಂದು, ಎರಡು ಸಲವೂ ಅದನ್ನು ದಾಟಿಕೊಂಡು ಹೋದನೆಂದು ಭಾನು ವರದಿ ತಂದಳು. ರಾಮಕ್ಕ ಕಾದು ಕೂರಲಿಲ್ಲ. ಸುರೇಂದ್ರನ ಕೈಗೆ ಗುದ್ದಲಿ ಕೊಟ್ಟು ಬಯಲಿಗೆ ಕರೆದುಕೊಂಡು ಹೋಗಿ, ಅರಳಿಕಟ್ಟೆಯಿಂದ ಹೆಜ್ಜೆ ಹಾಕಿ, ಇಲ್ಲೇ ಹಗೇವಿನ ಬಾಯಿ, ಅಗೆ ಎಂದಳು. ಸುರೇಂದ್ರ ಅಗೆದ. ಮಂಡಿಯುದ್ದ ಹೋದರೂ ಚಪ್ಪಡಿ ಸಿಗಲಿಲ್ಲ. ಇನ್ನೊಂದು ಮೊಳ ಅಗೆ ಎಂದಳು, ಬಂಡೆ ಸಿಕ್ಕಿತು. ಜನ ಸೇರಿ ನಗೆಯಾಡತೊಡಗಿದರು. ಅರಳಿಕಟ್ಟೆಯನ್ನು ಈಚೆಗೆ ದೊಡ್ಡದು ಮಾಡಿ ಕಟ್ಟಿದ್ದರು, ರಾಮಕ್ಕನ ಹೆಜ್ಜೆಯ ಲೆಕ್ಕ ಹಳೆಯ ಕಟ್ಟೆಯದು. ತಪ್ಪಿದೆನೆಂದು ಗೊತ್ತಾದರೂ ಅವಳು, ಗುದ್ದಲಿಯೇ ಸರಿಯಿಲ್ಲ ಎಂದಳು.

ಆಗ ರಾಮಕೃಷ್ಣಪ್ಪ ಬಂದ. ಹೆಗಲ ಮೇಲೆ ಹಗ್ಗವಿತ್ತು, ಕೈಯಲ್ಲಿ ಒನಕೆ. ಹಗ್ಗ ಹಳೆಯದಲ್ಲ, ಹೊಸದು. ಹಳೆಯದು ಲಡ್ಡಾಗಿದೆಯೆಂದು ಡೆಂಕಣಿಕೋಟೆಗೆ ಹೋಗಿ ತಂದಿದ್ದ. ಅತ್ತಿಗೆಯತ್ತ ನೋಡದೆ ಬಯಲಿನಲ್ಲಿ ಅಲ್ಲಲ್ಲಿ ಒನಕೆ ಕುಟ್ಟುತ್ತಾ ಬಂದ. ಒಂದು ಕಡೆ ಸದ್ದು ಬದಲಾಯಿತು, ಮಡಕೆಯ ಮೇಲೆ ಬೆರಳಿನಿಂದ ತಟ್ಟಿದ ಹಾಗೆ. ಇಲ್ಲಿ ಎಂದು ಸುರೇಂದ್ರನಿಗೆ ಹೇಳಿದ. ಅಗೆದರೆ ಚಪ್ಪಡಿ ಸಿಕ್ಕಿತು. ಅದನ್ನು ಮೀಟಿ ಸರಿಸಿ, ಗಾಳಿಯಾಡಲಿ ಎಂದು ರಾತ್ರಿಯೆಲ್ಲ ಬಿಟ್ಟು, ದನ ಬೀಳದಂತೆ ಸುತ್ತ ಮುಳ್ಳು ಹಾಕಿದರು.

ಭಾನುವಾರ ಬಿಸಿಲೇರಿದ ಮೇಲೆ ಬೇವಿನ ಕೊಂಬೆಯನ್ನು ಹಗ್ಗಕ್ಕೆ ಕಟ್ಟಿ ಹಗೇವಿನೊಳಗೆ ಮೇಲಕ್ಕೂ ಕೆಳಕ್ಕೂ ಆಡಿಸಿ ಕೆಟ್ಟ ಗಾಳಿ ಹೊರಗೆ ಹಾಕಿದರು. ದೀಪ ಇಳಿಸಿದರು. ಮೊದಲ ಸಲ ಆರಿತು. ಮತ್ತೆ ಕೊಂಬೆ ಆಡಿಸಿದರು. ಬಹಳ ಹೊತ್ತಿನ ಮೇಲೆ ದೀಪ ನೆಟ್ಟಗೆ ನಿಂತಿತು. ರಾಮಕ್ಕ ಸೀರೆ ಕಚ್ಚೆ ಹಾಕಿ ಬಂದು ನಿಂತಳು. ರಾಮಕೃಷ್ಣಪ್ಪ ಅವಳ ಸೊಂಟಕ್ಕೆ ಹಗ್ಗ ಬಿಗಿದ, ಗಂಟನ್ನು ಎರಡೆರಡು ಸಲ ಎಳೆದು ನೋಡಿದ. ಅವನ ತಲೆಯೂ ನರೆತಿರುವುದನ್ನು ರಾಮಕ್ಕ ಹತ್ತಿರದಿಂದ ನೋಡಿದ್ದು ಅವತ್ತೇ.

ಅವಳು ಇಳಿದಳು. ಮೇಲಿನಿಂದ ಮೊದಲ ಮಾತು ಬಂತು, ಕಾಲು ನೆಲಕ್ಕೆ ಸೇರಿತಾ ಎಂದು. ಸೇರಿತು ಎಂದಳು. ಗೋಡೆಯ ಪಕ್ಕದ ರಾಗಿ ಕಪ್ಪಾಗಿ ಗಂಟು ಕಟ್ಟಿತ್ತು, ನಡುವಿನದು ನಿನ್ನೆ ತುಂಬಿದ ಹಾಗಿತ್ತು. ಬೊಗಸೆಯಲ್ಲಿ ಎತ್ತಿ ಮೂಸಿದಳು. ಗಂಡನ ಕೈಯ ರಾಗಿ. ಕುಕ್ಕೆ ಇಳಿಸಲು ಕೂಗಿದಳು.

ಕಟ್ಟಳೆ ಕಟ್ಟಳೆಯೇ. ರಾಮಕೃಷ್ಣಪ್ಪ ಮಾತಾಡಲೇಬೇಕು, ಏನು ಮಾತಾಡಬೇಕೆಂದು ಅವನಿಗೆ ತಿಳಿಯದು. ಎಲೆಕೋಸಿನ ಬೆಲೆ ಹೇಳಿದ. ಹಸು ಕರು ಹಾಕಿದ್ದು ಹೇಳಿದ. ಗುಲಾಬಿ ಶೆಡ್ಡಿನವರು ಬೋರು ಕೊರೆಸಿದ್ದು, ನೀರು ಬಾರದ್ದು ಹೇಳಿದ. ಕೆಳಗಿನಿಂದ ಹೂಂ, ಹೂಂ ಎಂದು ಬರುತ್ತಿತ್ತು. ಕುಕ್ಕೆಗಳು ಏರುತ್ತಿದ್ದವು, ಕಮಲಮ್ಮ ಮತ್ತು ಭಾನು ಚಾಪೆಯ ಮೇಲೆ ರಾಗಿ ಹರಡುತ್ತಿದ್ದರು. ಕೊನೆಗೆ ಅವನ ಬಳಿ ಸುದ್ದಿ ಮುಗಿಯಿತು. ಆಗ ಕೆಳಗಿನಿಂದ ರಾಮಕ್ಕನೇ ಕೇಳಿದಳು. ಹತ್ತು ವರ್ಷ ಒಳಗೆ ಇಟ್ಟುಕೊಂಡಿದ್ದ ಕುಟುಕು ಅದು.

"ಆವತ್ತಿನ್ ನಾಟ್ಕ ಅಷ್ಟು ಚೆಂದಾಗಿತ್ತೇನ್ಲಾ ಕಿಟ್ಟ?"

ಮೇಲಿನವನು ಹಗ್ಗವನ್ನು ಕೈಗೆ ಇನ್ನೊಂದು ಸುತ್ತು ಸುತ್ತಿಕೊಂಡ.

"ಚೆಂದಾಗಿತ್ತು ಕಣತ್ಗೆ," ಎಂದ ರಾಮಕೃಷ್ಣಪ್ಪ. "ಅಣ್ಣ ಅತ್ಬುಟ್ಟ."

"ಯಾವ ಅಣ್ಣ?"

"ಎಷ್ಟ್ ಜನ ಅಣ್ದೀರವ್ರೆ ನಂಗೆ? ಅವ್ನೇ ಅಟ್ಟಣೆ ತಾವ ಬಂದ. ನನ್ ಪಾತ್ರ ಇನ್ಯಾರೋ ಹಾಕ್ತಾವ್ರಂತೆ, ಒಂದ್ಸಲ ನೋಡ್ಬೇಕು, ಬಂಡೀಲಿ ಕರ್ಕಂಡೋಗ್ಲಾ ಅಂದ. ಬ್ಯಾಡ ಅನ್ನಕ್ಕಾಯ್ತದಾ? ನಿಂಗೇಳ್ಬ್ಯಾಡ ಅಂತ ಆಣೆ ಹಾಕುಸ್ಕಂಡಿದ್ದ. ಹುಷಾರಾದ್ಮೇಲೆ ನಾನೇ ಏಳ್ತೀನಿ ಅಂದಿದ್ದ. ಹುಷಾರಾಗ್ನಿಲ್ಲ. ಸತ್ತೋನ್ ಮೇಲೆ ನಾನೆಂಗೇಳ್ಲಿ?"

ಕೆಳಗಿನಿಂದ ಉತ್ತರ ಬರಲಿಲ್ಲ. ಅತ್ಗೆ ಎಂದು ಕೂಗಿದ. ಇನ್ನೊಮ್ಮೆ ಕೂಗಿದ. ಆಮೇಲೆ ರಾಮಕೃಷ್ಣಪ್ಪ ಹಗ್ಗ ಎಳೆದ ರೀತಿಯನ್ನು ಊರು ಈಗಲೂ ಹೇಳುತ್ತದೆ. ಸುರೇಂದ್ರ ಕೈ ಸೇರಿಸುವಷ್ಟರಲ್ಲಿ ಅತ್ತಿಗೆಯನ್ನು ಬಾವಿಯ ಬಿಂದಿಗೆಯ ಹಾಗೆ ಮೇಲೆ ತಂದಿದ್ದ. ಕಮಲಮ್ಮ ನೀರು ಹಿಡಿದು ಓಡಿ ಬಂದಳು. ರಾಮಕ್ಕನಿಗೆ ಏನೂ ಆಗಿರಲಿಲ್ಲ. ಮುಖದ ರಾಗಿ ಧೂಳಿನ ಮೇಲೆ ಕಣ್ಣೀರು ಹರಿದು ಗೆರೆಯಾಗಿತ್ತು.

"ಯಾಕ್ಲಾ ಎಳ್ದೆ?"

"ಮಾತು ನಿಲ್ಸ್ಬುಟ್ಯಲ್ಲ."

"ಒಂದ್ ಗಳ್ಗೆ ಅಳಕ್ಕೂ ಬಿಡಕ್ಕಿಲ್ವೇನ್ಲಾ ನೀನು?"

ಅಷ್ಟು ಹೇಳಿ, ಒಳಗೆ ಇನ್ನೂ ರಾಗಿ ಉಳಿದಿದೆಯೆಂದು ಮತ್ತೆ ಇಳಿದಳು. ಉಳಿದ ಹೊತ್ತೆಲ್ಲ ಮೇಲಿನವನ ಮಾತಿಗೆ ಬಿಡದೆ ಉತ್ತರ ಕೊಟ್ಟಳು. ಅಣ್ಣ ಬಂಡಿಯಲ್ಲಿ ಹೇಗೆ ಕೂತಿದ್ದ, ಏನು ಹೊದ್ದಿದ್ದ, ಯಾವ ಹೊತ್ತಲ್ಲಿ ಅತ್ತ, ಎಲ್ಲ ಕೇಳಿದಳು. ಚೌಡಪ್ಪನ ಮೇಲೆ ಸಿಟ್ಟು ಬಂತು, ನನಗೆ ಹೆದರಿ ತಮ್ಮನನ್ನು ಸಿಕ್ಕಿಸಿ ಹೋದನಲ್ಲ ಎಂದು. ಆಸೆಪಟ್ಟು ನೋಡಿಯಾದರೂ ಹೋದನಲ್ಲ ಎಂದು ಸಮಾಧಾನವೂ ಆಯಿತು. ಸಂಜೆ ಊರ ಮನೆಮನೆಗೂ ಒಂದೊಂದು ಮೊರ ರಾಗಿ ಹಂಚಿ, ಉಳಿದದ್ದನ್ನು ಎರಡು ಮನೆಗೂ ಸಮನಾಗಿ ಹಾಕಿದರು. ರಾಮಕೃಷ್ಣಪ್ಪ ತನ್ನ ಪಾಲು ಹೊತ್ತುಕೊಂಡು ತನ್ನ ಮನೆಗೇ ಹೋದ. ಅತ್ತಿಗೆಯ ಮನೆಯ ಮುಂದೆ ಅವನ ಹೆಜ್ಜೆ ನಿಧಾನವಾದದ್ದನ್ನು ರಾಮಕ್ಕ ನೋಡಿದಳು. ಅವನು ಒಳಗೆ ಬರಲಿಲ್ಲ. ಯಾಕೆ ಬರಲಿಲ್ಲವೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಸೋಮವಾರ ಬೆಳಗ್ಗೆ ಕಾಂಕ್ರೀಟ್ ಕಲಸುವ ಯಂತ್ರ ಬಂತು. ಖಾಲಿ ಹಗೇವಿಗೆ ಕಲ್ಲು ಮಣ್ಣು ತುಂಬಿಸುತ್ತಾ ಕುಮಾರೇಶ್ ನಿಂತಿದ್ದ, ಊರವರು ಸುತ್ತ ಸೇರಿದ್ದರು, ಅವರ ನಡುವೆ ರಾಮಕೃಷ್ಣಪ್ಪನೂ ಇದ್ದ. ರಾಮಕ್ಕ ಒಲೆಯ ಮುಂದಿನಿಂದ ಎದ್ದು, ಕೈಗೆ ಅಂಟಿದ ಹಿಟ್ಟು ತೊಳೆಯದೆ ನೇರ ಅಲ್ಲಿಗೆ ಬಂದಳು. ಮೈದುನನ ರಟ್ಟೆ ಹಿಡಿದು ಕುಮಾರೇಶನ ಮುಂದೆ ತಂದು ನಿಲ್ಲಿಸಿದಳು. ಊರಿಗೆಲ್ಲ ಕೇಳುವಂತೆ ತಮಿಳಿನಲ್ಲಿ ಹೇಳಿದಳು.

"ಇವರ್ ಎನ್ ಕೊಳುಂದನಾರ್. ಇವರ್ ಕಾವಲ್ ವಿಟ್ಟುಟ್ಟು ಓಡಲೆ."

ಇವರು ನನ್ನ ಮೈದುನ, ಕಾವಲು ಬಿಟ್ಟು ಓಡಿದವರಲ್ಲ ಎಂದು. ಕಾಯಿಲೆಯ ಅಣ್ಣ ಕೇಳಿದನೆಂದು ಅವನನ್ನು ನಾಟಕಕ್ಕೆ ಕರೆದುಕೊಂಡು ಹೋದರು, ಆವತ್ತು ಅಧಿಕಾರಿಗೆ ನಾನು ಹೇಳಿದ್ದು ತಪ್ಪು, ಇದನ್ನು ನೀನು ಯಾರಿಗೆ ಬೇಕಾದರೂ ಹೇಳಬಹುದು ಎಂದಳು. ಕುಮಾರೇಶನಿಗೆ ತಲೆಬುಡ ತಿಳಿಯಲಿಲ್ಲ. ಅವಳ ಮುಖ ನೋಡಿದ, ಇವನ ಮುಖ ನೋಡಿದ, ಸರಿ ಪಾಟಿ ಎಂದ, ಆಯಿತು ಅಜ್ಜಿ ಎಂದು. ಆಮೇಲೆ ಕಾಂಕ್ರೀಟ್ ಹಾಕಬಹುದೇ ಎಂದು ಕೇಳಿದ. ಹಾಕು ಎಂದಳು.

ರಾಮಕೃಷ್ಣಪ್ಪ ಟವೆಲಿನಿಂದ ಕಣ್ಣೊರೆಸಿಕೊಂಡ.

"ಅವ್ನು ಆಫೀಸರಲ್ಲ ಕಣತ್ಗೆ, ಮೇಸ್ತ್ರಿ."

"ತಮಿಳು ಬತ್ತದಲ್ಲ, ಸಾಕು. ನಿಮ್ಮಣ್ಣನ್ ರಾಗಿ ಮುದ್ದೆ ಮಾಡಿವ್ನಿ, ಆರೋಯ್ತದೆ. ಬಾ."

ಅವಳು ತಿರುಗಿ ನೋಡದೆ ಮನೆಯ ಕಡೆ ನಡೆದಳು. ರಾಮಕೃಷ್ಣಪ್ಪ ಜಗಲಿಯ ಕೆಳಗೆ ಚಪ್ಪಲಿ ಬಿಟ್ಟು, ಅವ್ವನ ಕಾಲದಿಂದ ಬಾಗಿಲು ಹಾಯುವಾಗ ಮಾಡುತ್ತಿದ್ದಂತೆ ತಲೆ ಬಗ್ಗಿಸಿ, ಅತ್ತಿಗೆಯ ಹಿಂದೆ ಹೊಸ್ತಿಲು ದಾಟಿದ.